ಸೂಜಿಯ ಮೊನೆಯಷ್ಟು

ವರ್ಷದ ಕೊನೆಗೆ ಬುದ್ಧಿವಂತರು ಆಯವ್ಯಯದ ಲೆಕ್ಕ ನೋಡುತ್ತಾರೆ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ಸಾಕಾದವನು. ನಿವೃತ್ತನಾದ ಮೇಲೆ ಇಟ್ಟುಕೊಂಡಿರುವುದು ನಾಟಕದ ಲೆಕ್ಕವೊಂದೇ. ಟಿಕೆಟ್ಟುಗಳು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಬೀಳುತ್ತವೆ. ದಿನಾಂಕ, ನಾಟಕ, ಟಿಕೆಟ್ಟಿನ ಬೆಲೆ ನೋಟುಬುಕ್ಕಿಗೆ ಏರುತ್ತವೆ. ಮೊನ್ನೆ ಡಬ್ಬಿಯನ್ನು ಸುರಿದು ಎಣಿಸಿದೆ. ಈ ವರ್ಷ ಹೋದದ್ದು ಹನ್ನೊಂದು ನಾಟಕಕ್ಕೆ. ಸಿಕ್ಕಿದ್ದು ಹತ್ತೇ ಚೀಟಿ. ಹನ್ನೊಂದನೆಯದಕ್ಕೆ ಟಿಕೆಟ್ಟೇ ಇರಲಿಲ್ಲ. ಚೋದ್ಯವೆಂದರೆ, ಹತ್ತನ್ನೂ ಕುರಿತು ಬರೆಯೋಣವೆಂದು ಕುಳಿತರೆ ಲೇಖನಿ ಆ ಒಂದರ ಕಡೆಗೇ ಎಳೆಯುತ್ತಿದೆ.

ಚಿಕ್ಕಬಾಣಾವರದಲ್ಲಿ ಮನೆ ಕಟ್ಟಿಕೊಂಡವನು ನಾಟಕದ ಚಟ ಇಟ್ಟುಕೊಳ್ಳಬಾರದು. ಹೆಸರಘಟ್ಟ ರಸ್ತೆಯ ವಾಹನಗಳ ಸಂದಣಿಯಲ್ಲಿ ತೆವಳಿ ದಾಸರಹಳ್ಳಿ ಸೇರಬೇಕು, ಅಲ್ಲಿ ಮೆಟ್ರೋ ಹಿಡಿದು ಊರನ್ನು ಉದ್ದಕ್ಕೂ ಸೀಳಿಕೊಂಡು ಜಯನಗರ, ಜೆ. ಪಿ. ನಗರಗಳ ಕಡೆಗೆ ಇಳಿಯಬೇಕು. ಎರಡು ಗಂಟೆಯ ನಾಟಕಕ್ಕೆ ನಾಲ್ಕು ಗಂಟೆಯ ಪ್ರಯಾಣ. “ಇಷ್ಟು ಹೊತ್ತಿಗೆ ಹಾಸನಕ್ಕೇ ಹೋಗಿ ಬರಬಹುದಿತ್ತು” ಎನ್ನುತ್ತಾಳೆ ನನ್ನಾಕೆ. ಹಾಸನದ ರೈಲು ನಮ್ಮೂರಿನ ಮೇಲೆಯೇ ಹೋಗುವುದರಿಂದ ಆ ಮಾತಿಗೆ ಉತ್ತರವಿಲ್ಲ.

ಶಂಕರ್ ನಾಗ್ ಅವರ ನೆನಪಿಗೆಂದು ಅರುಂಧತಿ ನಾಗ್ ಅವರು ಹೆಣಗಾಡಿ ಕಟ್ಟಿಸಿ, 2004ರಲ್ಲಿ ತೆರೆದ ರಂಗಶಂಕರ ಕಾಲಕ್ಕೆ ಹೆಸರಾದದ್ದು. ಏಳೂವರೆಗೆ ನಾಟಕವೆಂದರೆ ಏಳೂವರೆಗೇ. ಆಮೇಲೆ ಬಂದವರಿಗೆ ಪ್ರವೇಶವಿಲ್ಲ. ನಾನು ಒಂದು ಸಂಜೆ ನಾಲ್ಕು ನಿಮಿಷ ತಡವಾಗಿ ತಲಪಿದೆ. ಮನೆಯಿಂದ ತಡವಾಗಿ ಹೊರಟವನು ನಾನೇ ಆದ್ದರಿಂದ ದೂರಲು ಯಾರೂ ಸಿಗಲಿಲ್ಲ. ಅಲ್ಲಿಯೇ ಸಬ್ಬಕ್ಕಿ ವಡೆ ತಿಂದು ಮರಳಿದೆ. ನೋಟುಬುಕ್ಕಿನಲ್ಲಿ ಆ ದಿನದ ಎದುರಿಗೆ “ವಡೆ ಉತ್ತಮ” ಎಂದಿದೆ.

ನನಗೆ ಈ ಚಟ ಅಂಟಿದ್ದು 1972ರಲ್ಲಿ. ಆಗ ನಾನು ಚಾಮರಾಜಪೇಟೆಯಲ್ಲಿದ್ದ ಹದಿನೇಳರ ಹುಡುಗ. ಠಾಕೂರರ ಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿಯೇ ತೆರೆದಿತ್ತಷ್ಟೆ. ಅದರ ಹಿಂಭಾಗದ ಬಯಲಿನಲ್ಲಿ ಆ ವರ್ಷ ಬಿ. ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ಗಳನ್ನು ಆಡಿಸಿದರು. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಹೊಲ ಗೌಡನದೋ, ಉತ್ತವನದೋ ಎಂಬ ಜಗಳ ಬರುತ್ತದೆ. ಅಂಗೈಯಗಲ ಭೂಮಿಯಿಲ್ಲದ ನಾನು ಉತ್ತವನ ಪರವಾಗಿ ಕೈ ನೋಯುವಂತೆ ಚಪ್ಪಾಳೆ ತಟ್ಟಿದೆ. ಎರಡು ವರ್ಷದಲ್ಲಿ, 1974ರಲ್ಲಿ, ಉಳುವವನಿಗೇ ಭೂಮಿಯೆಂಬ ಕಾನೂನೂ ಬಂತು. ನನ್ನ ಚಪ್ಪಾಳೆಯಿಂದಲೇ ಬಂತೆಂದು ಆಗ ಕೊಂಚ ನಂಬಿದ್ದೆ!

ಈಗ ಹನ್ನೊಂದನೆಯ ನಾಟಕಕ್ಕೆ ಬರುತ್ತೇನೆ. ನಮ್ಮ ಬೀದಿಯ ತುದಿಯಲ್ಲಿ ಗೌಡರೊಬ್ಬರಿದ್ದಾರೆ. ಗೇಣಿಗೆ ಉಳುತ್ತಿದ್ದ ಅವರ ತಂದೆಗೆ ಆ ಕಾನೂನಿನಿಂದಲೇ ಎರಡು ಎಕರೆ ರಾಗಿ ಹೊಲ ಬಂದಿತ್ತು. ತೊಂಬತ್ತರ ದಶಕದಲ್ಲಿ ಅದು ಬಡಾವಣೆಯಾಯಿತು. ಅದರೊಳಗಿನ ಮೂವತ್ತು ನಲವತ್ತರ ನಿವೇಶನವೊಂದರಲ್ಲಿ ಈಗ ನನ್ನ ಮನೆ ಇದೆ. ಈ ಸಂಗತಿ ನಮ್ಮಿಬ್ಬರಿಗೂ ಗೊತ್ತು; ಇಪ್ಪತ್ತೈದು ವರ್ಷಗಳಲ್ಲಿ ಇಬ್ಬರೂ ಅದನ್ನು ಆಡಿದ್ದಿಲ್ಲ. ಮಳೆಯ ಮಾತು, ಮಂಡಿನೋವಿನ ಮಾತು, ಅಷ್ಟೆ.

ಒಂದು ದಿನ ಗೌಡರು ಗೇಟಿನ ಬಳಿ ಕರಪತ್ರ ಕೊಟ್ಟರು. “ನಮ್ದೊಂದು ಕುರುಕ್ಷೇತ್ರ ಐತೆ ಸ್ವಾಮಿ, ಕಲಾಕ್ಷೇತ್ರದಾಗೆ. ದುರ್ಯೋಧನ ನಾನೇ. ಅಮ್ಮಾರನ್ನೂ ಕರ್ಕಂಡು ಬರಬೇಕು.”

ಪೇಟೆಯ ಓದುಗರಿಗೆ ಈ ನಾಟಕದ ಅರ್ಥಶಾಸ್ತ್ರ ತಿಳಿಯದು. ನಗರದಲ್ಲಿ ನೋಡುವವನು ಹಣ ಕೊಡುತ್ತಾನೆ. ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ಆಡುವವನು ಕೊಡುತ್ತಾನೆ. ಕೃಷ್ಣ, ದುರ್ಯೋಧನ, ಭೀಮರಿಗೆ ಹೆಚ್ಚು. ಒಂದೇ ದೃಶ್ಯದ ಪಾತ್ರಗಳಿಗೆ ಕಡಮೆ. ಆ ಹಣದಲ್ಲಿ ಹಾರ್ಮೋನಿಯಂ ಮೇಷ್ಟರ ಸಂಭಾವನೆ, ಬಾಡಿಗೆಯ ಕಿರೀಟ, ಗದೆ, ಸೀನರಿ, ಎಲ್ಲವೂ ನಡೆಯಬೇಕು. ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದರೆಂದು ಹೇಳಿಕೊಳ್ಳುತ್ತ ಬೆಳೆದ ಸೀಮೆ ಇದು. ಹಿಂದೆ ಸುಗ್ಗಿ ಮುಗಿದ ಮೇಲೆ ತಾಲೀಮು. ಈಗ ಸುಗ್ಗಿಯಿಲ್ಲ, ತಾಲೀಮು ಉಳಿದಿದೆ. ಮೂರು ತಿಂಗಳು ಗುಡಿಯ ಜಗುಲಿಯಿಂದ ಗೌಡರ ಗಂಟಲು ಕೇಳಿಸುತ್ತಿತ್ತು. “ಆ ಮನುಷ್ಯ ಮೂವತ್ತು ಸಾವಿರ ಕಟ್ಟಿದ್ದಾರಂತೆ” ಎಂದಳು ನನ್ನಾಕೆ. ಗೌಡರ ಈಗಿನ ಸಂಪಾದನೆ, ಬಾಡಿಗೆಗೆ ಕೊಟ್ಟ ಎರಡು ಕೋಣೆ ಮಾತ್ರ.

ಬೆಳಿಗ್ಗೆ ಹತ್ತಕ್ಕೆಂದು ಅಚ್ಚಾದ ನಾಟಕ ಹನ್ನೆರಡಕ್ಕೆ ಆರಂಭವಾಯಿತು. ಯಾರನ್ನೂ ಬಾಗಿಲಲ್ಲಿ ತಡೆಯಲಿಲ್ಲ. ಮಕ್ಕಳು, ಚಿತ್ರಾನ್ನದ ಡಬ್ಬಿಗಳು, ನೋಟಿನ ಹಾರ ಹಿಡಿದ ಭಾವಮೈದುನಂದಿರು ಬಂದು ತುಂಬಿಕೊಂಡರು. ಭೀಮನಿಗೆ ಉಬ್ಬಸ, ದ್ರೌಪದಿಯ ಕೈಗಡಿಯಾರ ಮಿಂಚಿತು. ಸಂಜೆಯಾಗುತ್ತಿದ್ದಂತೆ ಕೃಷ್ಣಸಂಧಾನದ ದೃಶ್ಯ ಬಂತು. ಕೃಷ್ಣನು ಐದು ಗ್ರಾಮಗಳನ್ನಾದರೂ ಕೊಡೆಂದನು. ಗೌಡರು ಸಿಂಹಾಸನದಿಂದ ಎದ್ದು, ಗದೆಯನ್ನು ನೆಲಕ್ಕೆ ಕುಟ್ಟಿ, ಸೂಜಿಯ ಮೊನೆಯಷ್ಟು ಭೂಮಿಯನ್ನೂ ಕೊಡೆನೆಂದು ಗರ್ಜಿಸಿದರು.

ಅಲ್ಲಿ ಕುಳಿತಿದ್ದವರಲ್ಲಿ ಅರ್ಧ ಜನ ಹೊಲ ಮಾರಿದವರು. ಒಂದು ಗಳಿಗೆ ಯಾರೂ ಶಿಳ್ಳೆ ಹಾಕಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ಧ್ವನಿ ಬಂತು: “ಆವತ್ತೇ ಅಂಗನ್ನಬೇಕಿತ್ತು ಕಣಣ್ಣಾ!”

ಸಭೆಯೆಲ್ಲ ಗೊಳ್ಳೆಂದಿತು. ಗೌಡರಿಗೆ ಮುಂದಿನ ಮಾತು ಮರೆತುಹೋಯಿತು. ಮೇಷ್ಟ್ರು ಹಾರ್ಮೋನಿಯಂ ಎಳೆಯುತ್ತಲೇ ಇದ್ದರು. ನಗೆ ತಗ್ಗುವವರೆಗೆ ಗೌಡರು ಕಾದರು. ಆಮೇಲೆ ಅದೇ ಮಾತನ್ನು, ಈ ಸಲ ಗರ್ಜಿಸದೆ, ಮನೆಯಲ್ಲಿ ಮಕ್ಕಳಿಗೆ ಹೇಳುವಂತೆ, ಮತ್ತೊಮ್ಮೆ ಹೇಳಿದರು. ಈ ಸಲ ಯಾರೂ ನಗಲಿಲ್ಲ. ನನ್ನಾಕೆ ಸೆರಗು ಸರಿಮಾಡಿಕೊಂಡಳು. ನಾನು ಕಣ್ಣು ತಗ್ಗಿಸಿ ಕರಪತ್ರವನ್ನು ಓದತೊಡಗಿದೆ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆವು. ಗೌಡರು ಕೊಬ್ಬರಿ ಎಣ್ಣೆ ಹಚ್ಚಿ ಮೀಸೆ ಅಳಿಸಿಕೊಳ್ಳುತ್ತಿದ್ದರು.

“ಬಹಳ ಚೆನ್ನಾಗಿತ್ತು ಗೌಡರೇ” ಎಂದೆ.

ಅವರು ಕನ್ನಡಿಯಲ್ಲಿಯೇ ನನ್ನನ್ನು ನೋಡಿದರು. “ಮುಂದಿನ ಸಾಲಿನಾಗೆ ಕೂತಿದ್ರಿ. ನಿಮ್ಮನ್ನ ನೋಡಿ ಯೋಳಿದ್ದಲ್ಲ ಸ್ವಾಮಿ, ತಪ್ಪು ತಿಳೀಬ್ಯಾಡಿ.”

“ತಿಳಿಯುವುದೇನು ಬಂತು” ಎಂದೆ. ಮತ್ತೇನನ್ನಲಿ?

“ಆ ಒಂದು ಮಾತು ಆಡಕ್ಕೇ ದುಡ್ಡು ಕಟ್ಟಿದ್ದು” ಎಂದು ಗೌಡರು ಕಿರೀಟವನ್ನು ಬಾಡಿಗೆಯವನ ಪೆಟ್ಟಿಗೆಗೆ ಎತ್ತಿಟ್ಟರು.

ಅವರೇ ಗೊತ್ತುಮಾಡಿದ್ದ ವ್ಯಾನಿನಲ್ಲಿ ಎಲ್ಲರೂ ಒಟ್ಟಿಗೆ ಊರಿಗೆ ಬಂದೆವು. ನಮ್ಮ ಗೇಟಿನ ಮುಂದೆ ವ್ಯಾನು ನಿಲ್ಲಿಸಿದಾಗ, ಎಂದಿನಂತೆ, ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದೆಂದು ಅವರು ಕೇಳಿದರು, ನಾನು ಹೇಳಿದೆ.

ಲೆಕ್ಕ ಹೊಂದಬೇಕಲ್ಲವೆ? ಮೊನ್ನೆ ಆ ಕರಪತ್ರವನ್ನು ನಾಲ್ಕಾಗಿ ಮಡಿಸಿ ಡಬ್ಬಿಯಲ್ಲಿ ಹಾಕಿದೆ. ನೋಟುಬುಕ್ಕಿನಲ್ಲಿ ದಿನಾಂಕ ಬರೆದೆ, ನಾಟಕದ ಹೆಸರು ಬರೆದೆ. ಟಿಕೆಟ್ಟಿನ ಬೆಲೆಯ ಅಂಕಣದಲ್ಲಿ ‘ಉಚಿತ’ ಎಂದು ಬರೆಯಹೊರಟು ಕೈ ತಡೆಯಿತು. ಅದನ್ನು ಖಾಲಿ ಬಿಟ್ಟಿದ್ದೇನೆ.