ಕೆಂಡದ ಅಡುಗೆಗೆ ಯಾವ ದ್ರಾಕ್ಷಾರಸ?

ಶೀರ್ಷಿಕೆಯನ್ನು ಕಂಡು ಓದುಗ ಮಿತ್ರರು ಹುಬ್ಬೇರಿಸಬಹುದು. ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ, ಮದ್ಯವನ್ನು ಎಂದೂ ಮುಟ್ಟದ ಈ ಮೇಷ್ಟರಿಗೆ ದ್ರಾಕ್ಷಾರಸದ ಉಸಾಬರಿ ಏಕೆ ಎಂದು ಕೇಳಲೂಬಹುದು. ಕಾರಣವನ್ನು ನಿವೇದಿಸಿಕೊಳ್ಳುತ್ತೇನೆ.

ಕಳೆದ ಡಿಸೆಂಬರಿನಲ್ಲಿ ಕೆಂಪಾಪುರದ ನಮ್ಮ ಮನೆಯ ತಾರಸಿಯ ಮೇಲೆ ಮಗ ತನ್ನ ಸಹೋದ್ಯೋಗಿಗಳಿಗೆ ಊಟ ಏರ್ಪಡಿಸಿದ್ದ. ಇದ್ದಿಲ ಕೆಂಡದ ಮೇಲೆ ಮಾಂಸ, ಪನೀರು, ತರಕಾರಿಗಳನ್ನು ಸುಡುವ ಬಾರ್ಬೆಕ್ಯೂ. ಅದಕ್ಕೆ ವಾರ ಮೊದಲು ನನ್ನ ಬಳಿ ಬಂದು, "ಅಪ್ಪ, ಊಟದ ಜೊತೆ ವೈನ್ ಇಡೋಣ ಅಂತಿದ್ದೀನಿ. ನೀವು ಬೇಡ ಅಂದ್ರೆ ಬೇಡ" ಎಂದ. ನಾನು ಉತ್ತರಿಸಲಿಲ್ಲ. ನಮ್ಮ ಮನೆಯೊಳಗೆ ಬಾಟಲಿ ಬರಕೂಡದೆಂಬುದು ನನ್ನ ತಾಯಿ ವಿಧಿಸಿದ ಕಟ್ಟಳೆ. ಅವರು ತೀರಿಕೊಂಡು ವರ್ಷಗಳು ಕಳೆದಿದ್ದರೂ ನಾನು ಅದನ್ನು ಮೀರಿರಲಿಲ್ಲ.

ಆ ಕಟ್ಟಳೆಗೆ ಕಾರಣ ನನ್ನ ತಂದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅರ್ಧ ಎಕರೆ ಚಪ್ಪರ ಹಾಕಿ ಅವರು 'ಬೆಂಗಳೂರು ನೀಲಿ' ದ್ರಾಕ್ಷಿ ಬೆಳೆಯುತ್ತಿದ್ದರು. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ, ದಪ್ಪ ಸಿಪ್ಪೆಯ, ಕಸ್ತೂರಿಯಂಥ ಗಾಢ ಪರಿಮಳದ ತಳಿ ಅದು. ಹಣ್ಣು ಮಾರಿ ಬಂದ ಹಣದಲ್ಲಿ ಬಹುಪಾಲು ಸಾರಾಯಿ ಅಂಗಡಿಯಲ್ಲೇ ಉಳಿಯುತ್ತಿತ್ತು. ನಾನು ಬಿ.ಎಡ್. ಓದುತ್ತಿದ್ದಾಗ ಯಕೃತ್ತು ಕೆಟ್ಟು ಅವರು ತೀರಿಕೊಂಡರು. ಜೀವಮಾನವೆಲ್ಲ ದ್ರಾಕ್ಷಿ ಬೆಳೆದ ಆ ಮನುಷ್ಯ ದ್ರಾಕ್ಷಾರಸವನ್ನು ಕಣ್ಣಿಂದಲೂ ಕಂಡವರಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಮೊದಲ ಸುದ್ದಿ ಕೇಳಿ ತಾಯಿ ದೇವರ ಪಟಕ್ಕೆ ಕೈಮುಗಿದರು. ಎರಡನೆಯದನ್ನು ನಾನು ಅವರಿಗೆ ಹೇಳಲಿಲ್ಲ.

ನನ್ನ ಮೌನವನ್ನು ಎರಡು ದಿನ ಸಹಿಸಿದ ನಮ್ಮ ಮನೆಯವರು, "ತಿಳ್ಕೊಳ್ದೆ ಉತ್ತರ ಬರೀಬೇಡಿ ಅಂತ ಮಕ್ಕಳಿಗೆ ಹೇಳ್ತಿದ್ದೋರು ನೀವು. ಮೊದಲು ಓದಿ ನೋಡಿ, ಆಮೇಲೆ ಬೇಡ ಅನ್ನಿ" ಎಂದರು. ಓದಿದೆ. ಓದುತ್ತಾ ಹೋದಂತೆ ಇದು ನನ್ನದೇ ತರಗತಿಯ ಪಾಠವೆನಿಸಿತು.

ಕೆಂಪು ವೈನಿನ ಒಗರಿಗೆ ಕಾರಣ ಟ್ಯಾನಿನ್. ಗಟ್ಟಿ ಚಹಾದಲ್ಲಿ, ಎಳೆಯ ಅಡಿಕೆಯಲ್ಲಿ ನಾಲಗೆಯನ್ನು ಹಿಡಿಯುವ ಗುಣವೂ ಅದರದೇ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆ. ಕೊಬ್ಬಿರುವ ಕುರಿಮಾಂಸದ ತುಂಡು ಬಾಯಲ್ಲಿದ್ದರೆ ಆ ಒಗರು ಮೆದುವಾಗುತ್ತದೆ. ಕೊಬ್ಬಿನ ಜಿಡ್ಡೂ ಹಗುರವಾಗುತ್ತದೆ. ಆದ್ದರಿಂದ ಸುಟ್ಟ ಮಟನ್ನಿಗೆ ಕ್ಯಾಬರ್ನೆ ಸಾವಿನ್ಯೋನ್, ಶಿರಾಜ್‌ನಂಥ ಕೆಂಪು ವೈನ್ ಒಪ್ಪುತ್ತದೆ. ಆದರೆ ಮಾಂಸ ಕರಕಲಾಗಬಾರದು. ಕರಕಲಿನ ಕಹಿ ಮತ್ತು ಟ್ಯಾನಿನ್ನಿನ ಕಹಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ನಮ್ಮವರ ಬಾರ್ಬೆಕ್ಯೂನಲ್ಲಿ ಖಾರವೇ ಪ್ರಧಾನ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಉರಿಯನ್ನು ಅರಿಯುವ ನರತುದಿಗಳನ್ನು ಕೆರಳಿಸುತ್ತದೆ. ಆಲ್ಕೋಹಾಲು ಅವೇ ನರತುದಿಗಳನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಖಾರದ ಕೋಳಿಯೊಡನೆ ಕಟುವಾದ ಕೆಂಪು ವೈನ್ ಇಟ್ಟರೆ ಉರಿಯುವ ಒಲೆಗೆ ಮತ್ತೊಂದು ಸೌದೆ ತಳ್ಳಿದಂತೆ. ಅಲ್ಲಿ ಬೇಕಾದುದು ಆಲ್ಕೋಹಾಲು ಕಡಿಮೆಯಿರುವ, ತುಸು ಸಿಹಿಯಾದ, ತಣ್ಣನೆಯ ಶೆನಿನ್ ಬ್ಲಾಂಕ್‌ನಂಥ ಬಿಳಿ ವೈನ್. ಮೊಸರು, ನಿಂಬೆರಸದಲ್ಲಿ ನೆನೆಸಿದ ಪನೀರು, ಮೀನುಗಳಿಗೆ ಹುಳಿಯಲ್ಲಿ ಅವಕ್ಕಿಂತ ಕಡಿಮೆಯಲ್ಲದ ಸಾವಿನ್ಯೋನ್ ಬ್ಲಾಂಕ್ ಸರಿ. ಇಲ್ಲವಾದರೆ ವೈನ್ ಸಪ್ಪೆಯೆನಿಸುತ್ತದೆ. ಹದದ ಉಷ್ಣತೆ ಬಿಳಿಗೆ ಸುಮಾರು 8ರಿಂದ 10, ಕೆಂಪಿಗೆ 16ರಿಂದ 18 ಡಿಗ್ರಿ ಸೆಲ್ಸಿಯಸ್.

ಇಷ್ಟನ್ನು ಒಂದು ಹಾಳೆಯಲ್ಲಿ ಕೋಷ್ಟಕ ಹಾಕಿ ಬರೆದು ಮಗನ ಕೈಗಿತ್ತೆ. ಅವನು ಓದಿ, ನನ್ನ ಮುಖವನ್ನೊಮ್ಮೆ ನೋಡಿ, ಏನೂ ಹೇಳದೆ ಜೇಬಿಗಿಟ್ಟುಕೊಂಡ. ನನ್ನ ಒಪ್ಪಿಗೆ ಸಂದದ್ದು ಹಾಗೆ.

ಆ ಸಂಜೆ ಬಂದ ಕೆಂಪು ವೈನ್ ನಂದಿ ಬೆಟ್ಟದ ತಪ್ಪಲಿನದು. 1988ರಲ್ಲಿ ಕನ್ವಲ್ ಗ್ರೋವರ್ ಅವರು ಅಲ್ಲಿ ಫ್ರೆಂಚ್ ತಳಿಗಳ ತೋಟ ಸ್ಥಾಪಿಸಿದಾಗ, ಕಲ್ಲುಭೂಮಿಯಲ್ಲಿ ಇದೆಂಥ ಬೇಸಾಯವೆಂದು ನಮ್ಮೂರ ಕಟ್ಟೆಯ ಮೇಲೆ ನಕ್ಕವರಲ್ಲಿ ನಾನೂ ಒಬ್ಬ. ಕೆಂಡದ ಮೇಲೆ ಕುರಿಯ ಕೊಬ್ಬು ಚಟಪಟಗುಟ್ಟಿದಾಗ ಬಾಲ್ಯದ ನೆನಪು ಬಂತು. ಹಬ್ಬದ ದಿನ ಯಕೃತ್ತಿನ ಚೂರನ್ನು ಕೆಂಡದಲ್ಲಿ ಸುಟ್ಟು, ಉಪ್ಪು ಸವರಿ, ಊದಿ ಆರಿಸಿ ನನ್ನ ಬಾಯಿಗಿಡುತ್ತಿದ್ದವರು ಅದೇ ತಂದೆ.

ಊಟದ ಕೊನೆಗೆ ಸುಟ್ಟ ಅನಾನಸಿನೊಡನೆ ಮಗ ಇನ್ನೊಂದು ಬಾಟಲಿ ತೆರೆದ. ಬೆಂಗಳೂರು ನೀಲಿಯಿಂದ ತಯಾರಿಸಿದ ಸಿಹಿಯಾದ ಪೋರ್ಟ್ ಮಾದರಿಯ ವೈನ್. "ಕುಡಿಯೋದು ಬೇಡ ಅಪ್ಪ, ವಾಸನೆ ನೋಡಿ ಸಾಕು" ಎಂದು ಲೋಟವನ್ನು ನನ್ನೆದುರು ಹಿಡಿದ. ನೋಡಿದೆ. ಕುಯ್ಲಿನ ದಿನ ಚಪ್ಪರದಿಂದ ಇಳಿದು ಬರುತ್ತಿದ್ದ ತಂದೆಯ ಹೆಗಲ ವಲ್ಲಿಯ ವಾಸನೆ! ನಲವತ್ತು ವರ್ಷಗಳಿಂದ ತಂದೆಯೆಂದರೆ ನನಗೆ ಸಾರಾಯಿಯ ವಾಸನೆಯೊಂದೇ ನೆನಪಿತ್ತು. ಅದಕ್ಕೂ ಮೊದಲು ಅವರಿಗೆ ಇನ್ನೊಂದು ವಾಸನೆಯಿತ್ತೆಂಬುದನ್ನು ನಾನು ಮರೆತೇಬಿಟ್ಟಿದ್ದೆ. ಲೋಟವನ್ನು ಕೆಳಗಿಟ್ಟು, ಹೊಗೆ ಕಣ್ಣಿಗೆ ಬಂತೆಂದು ನೆಪ ಹೇಳಿ ಅತ್ತ ಸರಿದೆ.

ಈ ಬರಹವನ್ನು ಮದ್ಯಪಾನಕ್ಕೆ ಆಹ್ವಾನವೆಂದು ಯಾರೂ ಭಾವಿಸಬಾರದು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಆಲ್ಕೋಹಾಲಿನ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಅದನ್ನೂ ಕೋಷ್ಟಕದ ಅಡಿಯಲ್ಲಿ ಬರೆದಿದ್ದೆ.

ಮರುದಿನ ಬೆಳಿಗ್ಗೆ ಹಾಲಿಗೆಂದು ಫ್ರಿಜ್ ತೆರೆದಾಗ ದೋಸೆಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಆ ಬಾಟಲಿ ನಿಂತಿತ್ತು. ಮುಚ್ಚಳ ಬಿಗಿದಿತ್ತು, ಒಳಗೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಬಾಟಲಿಯಲ್ಲಿ ಏನಾದರೂ ಉಳಿದಿರುವಾಗಲೇ ಮುಚ್ಚಿಟ್ಟದ್ದನ್ನು ನಾನು ಬಾಲ್ಯದಲ್ಲಿ ಒಮ್ಮೆಯೂ ಕಂಡವನಲ್ಲ. ಬಾಗಿಲು ತೆರೆದುಕೊಂಡೇ ಬಹಳ ಹೊತ್ತು ನಿಂತಿದ್ದೆನೆಂದು ನಮ್ಮ ಮನೆಯವರು ಇಂದಿಗೂ ಹೇಳುತ್ತಾರೆ.