ಅಹ್ಮದಿಯಲ್ಲಿ ಉಳಿದ ಪಗಾರ

ಕುವೈತ್‌ನ ಅಹ್ಮದಿಯಲ್ಲಿ ನಾನು ಪೈಪ್ ವೆಲ್ಡರ್ ಆಗಿದ್ದೆ. ಗಂಗಾವತಿ, ಕುಷ್ಟಗಿ ಕಡೆಯವರೂ ಇದ್ದರು. ಊರು ಯಾವುದೆಂದರೆ ರಾಯಚೂರು ಜಿಲ್ಲೆ ಅನ್ನುತ್ತಿದ್ದೆವು. ನಮ್ಮ ಕಡೆ ಕೊಪ್ಪಳ ಜಿಲ್ಲೆಯಾದದ್ದು ಆಮೇಲೆ, 1997ರಲ್ಲಿ.

ನಮ್ಮದು ಪರದೇಶದ ಗುತ್ತಿಗೆ ಕಂಪನಿ. 1975ರಿಂದ ಅಲ್ಲಿನ ಎಣ್ಣೆ ಸರ್ಕಾರದ್ದೇ. ಅದಕ್ಕೂ ಮೊದಲು ಇಂಗ್ಲಿಷರ, ಅಮೆರಿಕನ್ನರ ಕಂಪನಿಗಳು ಬಾವಿಗಳ ಪಾಲುದಾರರು. ಆಮೇಲೆ ಹೊರಗಿನವರಿಗೆ ಉಳಿದದ್ದು ಗುತ್ತಿಗೆ ಕೆಲಸ. ಕೆಲಸ ಕೊಡುವವರೂ, ಬಿಲ್ ಪಾಸ್ ಮಾಡುವವರೂ ಒಬ್ಬರೇ, ಸರ್ಕಾರ. ಕಂಪನಿಗೆ ಬೇರೆ ಗಿರಾಕಿಯೇ ಇರಲಿಲ್ಲ. ಇದರ ಅಪಾಯ ನಮಗೆ ತಿಳಿದದ್ದು 1990ರ ಆಗಸ್ಟ್ 2ರಂದು, ಇರಾಕಿ ಸೈನ್ಯ ನುಗ್ಗಿದಾಗ.

ಬಿಲ್ ಕೊಡುವ ಸರ್ಕಾರವೇ ದೇಶ ಬಿಟ್ಟಿತ್ತು. ಬಾವಿಗಳು ಬಗ್ದಾದಿನ ಕೈಗೆ ಹೋದವು. ಇರಾಕಿಗಳ ಜೊತೆ ಕೆಲಸ ಮಾಡೋಣವೆಂದರೆ ಆಗಸ್ಟ್ 6ಕ್ಕೆ ವಿಶ್ವಸಂಸ್ಥೆಯ ನಿರ್ಬಂಧ: ಎಣ್ಣೆ ಕೊಳ್ಳುವಂತಿಲ್ಲ, ವ್ಯಾಪಾರ ಮಾಡುವಂತಿಲ್ಲ. ಕಂಪನಿ ಅಲ್ಲಿಗೆ ಮುಗಿಯಿತು. ಮ್ಯಾನೇಜರ್ ಬೇಸಿಗೆ ರಜೆಗೆ ಹೋದವನು ಬರಲೇ ಇಲ್ಲ. ಯುರೋಪಿನ ಎಂಜಿನಿಯರೊಬ್ಬ ಒತ್ತೆಯಾಳಾಗುವ ಭಯಕ್ಕೆ ನಮ್ಮ ಕೋಣೆಗಳ ಹಿಂದಿನ ಸ್ಟೋರಿನಲ್ಲಿ ಅಡಗಿದ್ದ. ನಿನ್ನೆಯವರೆಗೆ ನಮ್ಮನ್ನು ಬೈದು ಕೆಲಸ ತೆಗೆದವನಿಗೆ ನಾವೇ ರೊಟ್ಟಿ ಒಯ್ದು ಕೊಡುತ್ತಿದ್ದೆವು.

ಪಗಾರ ಬಾಕಿ. ಕೈಯಲ್ಲಿದ್ದ ಕುವೈತಿ ದಿನಾರು ಇರಾಕಿ ದಿನಾರಿಗೆ ಸಮವೆಂದು ಹುಕುಂ ಬಂತು. ಉಳಿತಾಯ ಕೂತಲ್ಲೇ ಕರಗಿತು. ಪಾಸ್‌ಪೋರ್ಟುಗಳಿದ್ದದ್ದು ಆಫೀಸಿನ ಕಬ್ಬಿಣದ ಅಲಮಾರಿಯಲ್ಲಿ. ಕೇರಳದ ಗುಮಾಸ್ತನೊಬ್ಬ ಸಲಾಕೆಯಿಂದ ಬೀಗ ಮೀಟಿ, ಒಂದೊಂದೇ ಹೆಸರು ಕೂಗಿ ಹಂಚಿದ. ಅವನಿಲ್ಲದಿದ್ದರೆ ನಾವು ಅಲ್ಲೇ ಉಳಿಯುತ್ತಿದ್ದೆವು.

ಬಸ್ರಾ, ಬಗ್ದಾದ್ ದಾಟಿ ಜೋರ್ಡಾನ್ ಗಡಿ. ಬಸ್ಸಿನವ ಕೇಳಿದ್ದಷ್ಟು ತೆತ್ತೆವು. ಮರಳಿನ ಮೇಲೆ ಡೇರೆ, ಟ್ಯಾಂಕರ್ ಬಂದಾಗ ನೀರಿಗೆ ಕೈಕೈ ಮಿಲಾಯಿಸುವ ಜಗಳ. ಚೇಳಿಗೆ ಹೆದರಿ ರಾತ್ರಿ ಚಪ್ಪಲಿ ತಲೆದಿಂಬು ಮಾಡಿಕೊಂಡೆವು. ಅಮ್ಮಾನಿನಿಂದ ಏರ್ ಇಂಡಿಯಾ ಎರಡು ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅವರಲ್ಲಿ ನಾನೂ ಒಬ್ಬ. ಮುಂಬಯಿಯಲ್ಲಿ ಇಳಿದಾಗ ಊರಿನ ಟಿಕೆಟ್ಟಿಗೂ ಕಾಸಿರಲಿಲ್ಲ.

ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಪರಿಹಾರ ಅರ್ಜಿ ಬಂತು. ಇರಾಕಿನ ಎಣ್ಣೆ ಮಾರಾಟದಲ್ಲಿ ಶೇಕಡಾ 30 ಹಿಡಿದು ನಮಗೆ ಹಂಚುವ ಏರ್ಪಾಡು. ದೇಶ ಬಿಟ್ಟು ಬಂದದ್ದಕ್ಕೆ ಮಾತ್ರ ಕೇಳಿದರೆ 4,000 ಡಾಲರ್. ಪಗಾರ, ಸಾಮಾನು ಎಂದು ಬೇರೆ ಅರ್ಜಿಯೂ ಹಾಕಿದರೆ ಇದು 2,500ಕ್ಕೆ ಇಳಿಯುತ್ತಿತ್ತು, ಪುರಾವೆಯೂ ಬೇಕಿತ್ತು. ನನ್ನ ಕಾಗದಪತ್ರವೆಲ್ಲ ಅಹ್ಮದಿಯಲ್ಲೇ ಬಿದ್ದಿತ್ತು. 4,000ಕ್ಕೇ ಗುರುತು ಹಾಕಿದೆ. ದುಡ್ಡು ಬರಲು ವರ್ಷಗಳೇ ಹಿಡಿದವು. ಅದರಿಂದ, ನನ್ನನ್ನು ಕುವೈತಿಗೆ ಕಳಿಸಿದ ಏಜೆಂಟನಿಗೆ ಕೊಡಲೆಂದು ಯಲಬುರ್ಗಾದಲ್ಲಿ ಮಾಡಿದ್ದ ಸಾಲ ಬಡ್ಡಿ ಸಮೇತ ತೀರಿತು. ಕಂಪನಿಗೆ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ.