ತುಡುವೆಗೊಂದು ಮನೆ

ಫಾಲ್ಗುಣದ ಒಂದು ಭಾನುವಾರ ಡಮ್ ಡಮ್‌ನ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಹಳೆಯ ನ್ಯೂಟನ್ ಪೆಟ್ಟಿಗೆಯೊಂದನ್ನು ಉಜ್ಜುತ್ತ ಕುಳಿತಿದ್ದೆ. ಕೆಳಮನೆಯ ದಾದಾ ಇಣಿಕಿ, “ಆಫೀಸಿನ ಫೈಲು ಇಡುವುದಕ್ಕೋ?” ಎಂದರು. ಜೇನಿಗೆ ಎಂದೆ. ನಕ್ಕು ಇಳಿದುಹೋದರು.

ಪುತ್ತೂರಿನ ಬಳಿಯ ನಮ್ಮ ತೋಟದಲ್ಲಿ ತಂದೆಯವರು ಇಂಥ ಹನ್ನೆರಡು ಪೆಟ್ಟಿಗೆ ಇಟ್ಟಿದ್ದರು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಕನ್ನಡ, ಕೊಡಗುಗಳ ತುಡುವೆ ಜೇನಿಗೆ ತಗುಲಿತು. ಮರಿಗಳು ಎರಿಯಲ್ಲೇ ಸತ್ತು ಪೆಟ್ಟಿಗೆಗಳು ಬರಿದಾದುವು. ನಾನಾಗ ತೊಟ್ಟಿಲ ಕೂಸು. ತಂದೆಯವರು ಅವನ್ನು ಅಟ್ಟಕ್ಕೇರಿಸಿದವರು ಮತ್ತೆ ಇಳಿಸಲೇ ಇಲ್ಲ. ಅವರು ತೀರಿಕೊಂಡ ಮೇಲೆ ಒಂದನ್ನು ನಾನು ರೈಲಿನಲ್ಲಿ ಇಲ್ಲಿಗೆ ತಂದೆ.

ಹೋದ ವರುಷ ಶುಚಿಯ ಹುಚ್ಚಿನಲ್ಲಿ ಅದನ್ನು ಫಿನೈಲಿನಿಂದ ತೊಳೆದುಬಿಟ್ಟೆ. ಒಂದು ಹುಳವೂ ಸುಳಿಯಲಿಲ್ಲ. ಊರಿನಿಂದ ಬಂದ ಅಮ್ಮ ಮೂಸಿ ನೋಡಿ, “ಇದರೊಳಗೆ ನೀನಾದರೂ ಇರುತ್ತೀಯೇನೋ?” ಎಂದರು.

ಈ ಸಲ ಏಳು ಚೌಕಟ್ಟುಗಳ ಹಳೆಯ ಎರಿಯನ್ನೆಲ್ಲ ಕೆರೆದು ತೆಗೆದೆ. ಮೇಣದ ಹುಳು ಅಡಗುವುದು ಅಲ್ಲಿಯೇ. ಕುದಿಯುವ ನೀರು ಹೊಯ್ದು ಮೂರು ದಿನ ಬಿಸಿಲಿಗಿಟ್ಟೆ. ಒಳಗೋಡೆಗೆ ಜೇನುಮೇಣ ಸವರಿದವರು ಅಮ್ಮನೇ. ಇರುವೆ ಹತ್ತದಂತೆ ಪೀಠದ ಕಾಲುಗಳಡಿ ನೀರಿನ ಬಟ್ಟಲು. ಇಲ್ಲಿ ಈಗ ನುಗ್ಗೆ, ಮಾವು, ಲಿಚಿ ಹೂಬಿಡುವ ಕಾಲ. ಗೂಡು ತುಂಬಿದಾಗ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊಸ ಮನೆ ಹುಡುಕಿ ಹೊರಡುತ್ತಾಳೆ. ವರ್ಗವಾಗಿ ಬಂದ ನಮ್ಮಂಥ ಗುಮಾಸ್ತರಿಗೆ ಆ ಕಷ್ಟ ಗೊತ್ತು.

ಮರುವಾರ ನಾನು ಕಚೇರಿಯಲ್ಲಿದ್ದಾಗ ನಾಲ್ಕು ಹುಳಗಳು ಬಂದು ಪೆಟ್ಟಿಗೆಯ ಬಾಗಿಲಲ್ಲಿ ಒಳಹೊರಗೆ ಓಡಾಡಿದುವಂತೆ. ಅವುಗಳ ಹಾದಿಗೆ ಅಡ್ಡವಾದೀತೆಂದು ಅಮ್ಮ ಸಂಜೆಯವರೆಗೆ ಬಟ್ಟೆಯನ್ನೂ ಒಣಹಾಕಿರಲಿಲ್ಲ.